ಬಾಡಿಗೆ ಮನೆ: ಮೊದಲು ಜಾಗ ನೋಡೋಣ



ಧಾರವಾಡದಾಗ ಒಂದು ಮನೆ ತಗೊಂಡು ಬಾಡಿಗೆಗೆ ಕೊಡಬೇಕೆಂಬ ಆಸೆ ನಮ್ಮಲ್ಲಿ ಹಲವರಿಗಿದೆ. ಆಸೆ ತಪ್ಪಲ್ಲ, ಜಾಗ ತಪ್ಪಬಾರದು.

2016ರಲ್ಲಿ ಐಐಟಿ ಬಂತು, ಅದರ ಸುತ್ತ ಕೊಂಡರೆ ಲಾಭ ಅಂತಾರೆ. ಅಲ್ಲಿಯ ವಿದ್ಯಾರ್ಥಿಗಳು ಹೆಚ್ಚಾಗಿ ಹಾಸ್ಟೆಲಿನಲ್ಲೇ ಇರುವವರು. ಬಾಡಿಗೆಗೆ ಬರೋರು ಯಾರು? ಸಪ್ತಾಪುರದಲ್ಲಿ ಕೋಚಿಂಗಿಗೆ ಬಂದ ಹುಡುಗರು ಕೇಳುವುದು ಕೋಣೆ. ಸಂಸಾರವಂದಿಗರು ಹುಡುಕುವುದು ಶಾಲೆ, ಬಸ್ಸು, ನೀರು. ಮಲಪ್ರಭೆಯ ನೀರು ಆ ಓಣಿಗೆ ಎಷ್ಟು ದಿನಕ್ಕೊಮ್ಮೆ ಬರುತ್ತದೆಂದು ನೆರೆಮನೆಯವರನ್ನೇ ಕೇಳೋಣ. 2018ರಿಂದ ಓಡುತ್ತಿರುವ ಚಿಗರಿ ಬಸ್ಸಿನ ನಿಲ್ದಾಣಕ್ಕೆ ನಡೆದೇ ಹೋಗಿ ನೋಡೋಣ.

ಇನ್ನು ಲೆಕ್ಕ. 30 ಲಕ್ಷದ ಮನೆಗೆ ತಿಂಗಳಿಗೆ 10,000 ರೂಪಾಯಿ ಬಾಡಿಗೆ ಎಂದಿಟ್ಟುಕೊಂಡರೆ ವರ್ಷಕ್ಕೆ 1,20,000. ಒಂದು ತಿಂಗಳು ಖಾಲಿ ಬಿದ್ದು, ತೆರಿಗೆ-ರಿಪೇರಿಗೆ 20,000 ಹೋದರೆ ಉಳಿಯುವುದು 90,000. ಅಂದರೆ ನೂರಕ್ಕೆ ಮೂರು! ಸಾಲದ ಬಡ್ಡಿ ಇದಕ್ಕಿಂತ ಬಹಳ ಹೆಚ್ಚು. ಆದ್ದರಿಂದ ಹೊಲ ಅಡವಿಟ್ಟು ಮನೆ ಕೊಳ್ಳೋದು ಬ್ಯಾಡ. ಕೈಯಲ್ಲಿ ದುಡ್ಡಿದ್ದವರೂ ಎನ್.ಎ. ಆದೇಶ, ಇ-ಖಾತೆ, ಋಣಭಾರ ಪತ್ರ ನೋಡಿಯೇ ಮುಂಗಡ ಕೊಡಲಿ.

ಹಾಸಿಗೆ ಇದ್ದಷ್ಟೇ ಕಾಲು ಚಾಚೋಣ ಎಂದು ವಿನಂತಿಸಿ, ನಮ್ಮ ಎರಡು ಮಾತು ಮುಗಿಸುತ್ತೇವೆ.