ಹಾಡಿನ ಕೆಳಗೆ ಯಾರ ಹೆಸರು?

ನೀವು ಬಸ್ಸಲ್ಲಿದೀರೋ, ಮೆಟ್ರೋದಲ್ಲಿದೀರೋ, ಪಾತ್ರೆ ತೊಳೀತಾ ಇದೀರೋ ಗೊತ್ತಿಲ್ಲ. ಇಯರ್‌ಫೋನ್ ಮಾತ್ರ ತೆಗೀಬೇಡಿ. ಇವತ್ತು ನಮ್ಮ ಬ್ಯಾಂಡಿನ ಮೊದಲ ಸಿಂಗಲ್ ಬಗ್ಗೆ ಹೇಳ್ತೀನಿ. ಬ್ಯಾಂಡಿನ ಹೆಸರು ಹೇಳಲ್ಲ, ಯಾಕಂದ್ರೆ ಇದು ಪ್ರಚಾರ ಅಲ್ಲ. ನಾನು ಮಾಡಿದ ಒಂದು ತಪ್ಪಿನ ಕಥೆ.

ನಾವು ಮೈಸೂರಿನ ನಾಲ್ಕು ಜನ. ಎರಡು ಗಿಟಾರ್, ಒಂದು ಬೇಸ್, ಒಂದು ಡ್ರಮ್ಸ್. ಆಲ್ಟರ್ನೇಟಿವ್ ರಾಕ್ ಅಂತ ನಾವು ಹೇಳ್ಕೋತೀವಿ, ಪಕ್ಕದ ಮನೆ ಆಂಟಿ 'ಗಲಾಟೆ' ಅಂತಾರೆ. ಡ್ರಮ್ಮರ್ ಮನೆ ಮಹಡಿ ರೂಮಲ್ಲಿ, ಗೋಡೆಗೆ ಹಳೇ ಹಾಸಿಗೆ ಒರಗಿಸಿ ಪ್ರಾಕ್ಟೀಸು. ರಾತ್ರಿ ಎಂಟಾದ್ರೆ ಆಂಪ್ ಆಫ್.

ಕನ್ನಡದಲ್ಲಿ ರಾಕ್ ನಾವೇ ಶುರು ಮಾಡಿದ್ದೇನಲ್ಲ. ಮೈಸೂರಲ್ಲಿ ಬೆಳೆದ ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಮ್‌ನಲ್ಲಿ ಶಿಶುನಾಳ ಶರೀಫರ ಪದಗಳನ್ನ ಗಿಟಾರಿಗೆ ತಂದಿದ್ರು. 2009ರಲ್ಲಿ ಸ್ವರಾತ್ಮ ಬ್ಯಾಂಡಿನ ಮೊದಲ ಆಲ್ಬಮ್ ಬಂತು. ಅವರನ್ನ ಕೇಳ್ಕೊಂಡೇ ನಾವು ತಂತಿ ಮುಟ್ಟಿದ್ದು. ಆದ್ರೆ ನಮಗೆ ಸ್ವಂತ ಸಾಹಿತ್ಯ ಬೇಕಿತ್ತು. ನಾಲ್ಕು ಜನದಲ್ಲಿ ಒಬ್ಬರಿಗೂ ಬರೆಯೋಕೆ ಬರಲ್ಲ.

ಬರೆದಿದ್ದು ನನ್ನ ಕಾಲೇಜ್ ಗೆಳೆಯ. ಚಾಮರಾಜನಗರದ ಕಡೆಯವನು. ಒಂದು ರಾತ್ರಿ ಎರಡು ಗಂಟೆಗೆ ವಾಟ್ಸಾಪ್‌ನಲ್ಲಿ ಹದಿನಾರು ಸಾಲು ಕಳಿಸಿದ. ಕೊನೇ ಬಸ್ಸು ತಪ್ಪಿಸಿಕೊಂಡ ಮಗನಿಗೆ ಕಾಯ್ತಾ ಕೂತ ತಾಯಿಯ ಹಾಡು. ಬೆಳಿಗ್ಗೆ ಎದ್ದು ಓದಿದವನು ಹಲ್ಲುಜ್ಜೋದು ಬಿಟ್ಟು ಗಿಟಾರ್ ಎತ್ಕೊಂಡೆ. ಮಧ್ಯಾಹ್ನದ ಹೊತ್ತಿಗೆ ಟ್ಯೂನ್ ಆಗಿತ್ತು.

ಆಮೇಲೆ ಅವನಿಗೆ ಹೊಸೂರಿನ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ತು. ಶಿಫ್ಟು, ಓವರ್‌ಟೈಮು. ಮಾತು ಕಮ್ಮಿಯಾಯ್ತು. ನಾವು ದುಡ್ಡು ಕೂಡಿಸಿ ಬೆಂಗಳೂರಲ್ಲಿ ಒಂದು ದಿನ ಸ್ಟುಡಿಯೋ ಹಿಡಿದು ಡ್ರಮ್ಸ್ ರೆಕಾರ್ಡ್ ಮಾಡಿದ್ವಿ. ಮಿಕ್ಕಿದ್ದೆಲ್ಲ ಮನೇಲೇ, ಲ್ಯಾಪ್‌ಟಾಪಲ್ಲಿ.

ಹಾಡನ್ನ ಆ್ಯಪ್‌ಗಳಿಗೆ ಹಾಕೋಕೆ ಒಂದು ಡಿಸ್ಟ್ರಿಬ್ಯೂಟರ್ ಸೈಟಲ್ಲಿ ಫಾರ್ಮ್ ತುಂಬಬೇಕು. ಕಲಾವಿದ ಯಾರು, ಸಂಗೀತ ಯಾರು, ಸಾಹಿತ್ಯ ಯಾರು? ತುಂಬ್ತಾ ಕೂತವನು ನಾನೊಬ್ಬನೇ. ರಾಗಕ್ಕೆ ಕೂರಲಿ ಅಂತ ಅವನ ಸಾಲಲ್ಲಿ ನಾಲ್ಕು ಪದ ಬದಲಾಯಿಸಿದ್ದೆ. ಆ ನಾಲ್ಕು ಪದದ ಧೈರ್ಯದಲ್ಲಿ ಸಾಹಿತ್ಯದ ಮುಂದೆ ನನ್ನ ಹೆಸರು ಟೈಪ್ ಮಾಡಿದೆ. ಕೈ ತಪ್ಪಿ ಆಗಿದ್ದಲ್ಲ. ಗೊತ್ತಿದ್ದೇ ಮಾಡಿದ್ದು.

ಹಾಡು ಬಂದ ಮೂರನೇ ದಿನ ಅವನಿಂದ ಒಂದು ಸ್ಕ್ರೀನ್‌ಶಾಟ್. ಹಾಡಿನ ಕ್ರೆಡಿಟ್ಸ್, ನನ್ನ ಹೆಸರಿಗೆ ಕೆಂಪು ಸುತ್ತು. ಒಂದಕ್ಷರ ಬರೆದಿರಲಿಲ್ಲ. ನಾನೇ ಫೋನ್ ಮಾಡಿದೆ. ರಾಯಲ್ಟಿ ಬಂದ್ರೆ ಅರ್ಧ ಕೊಡ್ತೀನಿ ಅಂತ ಏನೇನೋ ಬಡಬಡಿಸಿದೆ. ಅವನು ಅಂದ:

"ದುಡ್ಡು ಯಾರಿಗ್ ಬೇಕು ಮಗಾ. ನಮ್ಮವ್ವಂಗೆ ತೋರಿಸ್ಬೇಕು ಅಂತಿದ್ದೆ, ಅಷ್ಟೇ."

ಅವತ್ತು ರಾತ್ರಿ ಕೂತು ಕಾನೂನು ಓದಿದೆ. ನಮ್ಮ ಕಾಪಿರೈಟ್ ಕಾಯ್ದೆ 1957ರದ್ದು. ಅದರ 57ನೇ ಸೆಕ್ಷನ್ ಪ್ರಕಾರ, ಬರೆದವನು ಹಕ್ಕನ್ನೆಲ್ಲ ಬೇರೆಯವರಿಗೆ ಬರೆದುಕೊಟ್ಟರೂ 'ಇದು ನಾನು ಬರೆದಿದ್ದು' ಅಂತ ಹೇಳೋ ಹಕ್ಕು ಅವನಲ್ಲೇ ಉಳಿಯುತ್ತೆ. 2012ರ ತಿದ್ದುಪಡಿ ಬಂದ ಮೇಲೆ ಸಾಹಿತಿ, ಸಂಗೀತಗಾರರ ರಾಯಲ್ಟಿ ಪಾಲನ್ನ ಅವರಿಂದ ಯಾರೂ ಬರೆಸಿಕೊಳ್ಳೋಕೂ ಆಗಲ್ಲ. ವಾರಸುದಾರರಿಗೆ ಅಥವಾ ಕಾಪಿರೈಟ್ ಸೊಸೈಟಿಗೆ ಮಾತ್ರ ಕೊಡಬಹುದು. ಹಾಡಿಗೆ ಬರೆದವರ ಪರವಾಗಿ ರಾಯಲ್ಟಿ ವಸೂಲಿ ಮಾಡೋ ಐಪಿಆರ್‌ಎಸ್ ಅಂತ ಸೊಸೈಟಿ 1969ರಿಂದಲೇ ಇದೆ.

ಆದ್ರೆ ನಿಜ ಹೇಳ್ತೀನಿ, ದುಡ್ಡಿನ ಮಾತು ನಮ್ಮಂಥವರಿಗೆ ದೂರ. ಸ್ಪಾಟಿಫೈನಲ್ಲಿ 2024ರಿಂದ ಒಂದು ಹಾಡು ಹನ್ನೆರಡು ತಿಂಗಳಲ್ಲಿ ಕನಿಷ್ಠ 1,000 ಸಲ ಪ್ಲೇ ಆಗದಿದ್ರೆ ರಾಯಲ್ಟಿ ಲೆಕ್ಕಕ್ಕೇ ಬರಲ್ಲ. ಹೊಸ ಬ್ಯಾಂಡಿಗೆ, ಹಾಡು ಬರೆದವನಿಗೆ ಸಿಗೋದು ಹೆಸರೊಂದೇ. ಅದನ್ನೇ ನಾನು ತಗೊಂಡಿದ್ದೆ.

ಆಗ ಶರೀಫರು ನೆನಪಾದ್ರು. ಅವರು ತೀರಿಕೊಂಡಿದ್ದು 1889ರಲ್ಲಿ. ಆಗ ಈ ಕಾಯ್ದೆ ಇಲ್ಲ, ಈ ಫಾರ್ಮ್ ಇಲ್ಲ. ಆದ್ರೂ ಪದದ ಕೊನೆಗೆ ಶಿಶುನಾಳಧೀಶ ಬಂದ ತಕ್ಷಣ ಇದು ಯಾರದ್ದು ಅಂತ ಗೊತ್ತಾಗುತ್ತೆ. ವಚನದಲ್ಲಿ ಕೂಡಲಸಂಗಮದೇವ, ದಾಸರ ಪದದಲ್ಲಿ ಪುರಂದರವಿಠಲ. ನಮ್ಮ ಹಿರಿಯರು ದೇವರ ಹೆಸರನ್ನ ಅಂಕಿತವಾಗಿ ಹಾಡಿನ ಹೊಟ್ಟೆಯೊಳಗೇ ಇಟ್ಟಿದ್ರು. ಯಾರೇ ಹಾಡಲಿ, ಬರೆದವರ ಗುರುತು ಅದರ ಜೊತೆಗೇ ಹೋಗುತ್ತೆ. ನಾವು ಅದನ್ನ ತಂದು ಒಂದು ಫಾರ್ಮಿನ ಖಾಲಿ ಜಾಗಕ್ಕೆ ಬಿಟ್ಟಿದೀವಿ.

ಮರುದಿನ ಬ್ಯಾಂಡಿನವರಿಗೆಲ್ಲ ಹೇಳಿದೆ. ಚೆನ್ನಾಗಿ ಬೈಸಿಕೊಂಡೆ. ಸೈಟಿಗೆ ಬರೆದು ತಿದ್ದಿಸಿದ್ವಿ, ಎಲ್ಲ ಆ್ಯಪ್‌ಗಳಲ್ಲೂ ಬದಲಾಗೋಕೆ ಎರಡು ವಾರ ಹಿಡೀತು. ಆದ್ರೆ ಅಲ್ಲಿ ಹೆಸರು ಇಂಗ್ಲಿಷಲ್ಲಿತ್ತು. ಅವನ ಅವ್ವ ಓದೋದು ಕನ್ನಡ ಮಾತ್ರ. ಹಾಗಾಗಿ ಕವರ್ ಚಿತ್ರನೂ ಬದಲಾಯಿಸಿ, ಕೆಳಗೆ ಕನ್ನಡದಲ್ಲಿ 'ಸಾಹಿತ್ಯ' ಅಂತ ಹಾಕಿ ಅವನ ಹೆಸರು ಬರೆಸಿದ್ವಿ.

ನೀವೂ ಬ್ಯಾಂಡ್ ಕಟ್ಟಿದ್ರೆ ಒಂದು ಮಾತು. ರೆಕಾರ್ಡಿಂಗಿಗೆ ಮುಂಚೆ, ಎಲ್ಲರೂ ಟೀ ಕುಡೀತಾ ಕೂತಿರುವಾಗ, ಯಾರು ಏನು ಬರೆದ್ರು, ಯಾರಿಗೆ ಎಷ್ಟು ಪಾಲು ಅಂತ ಒಂದು ಹಾಳೇಲಿ ಬರೆದು ಸಹಿ ಹಾಕಿ. ಇದಕ್ಕೆ ಸ್ಪ್ಲಿಟ್ ಶೀಟ್ ಅಂತಾರೆ. ಹತ್ತು ನಿಮಿಷದ ಕೆಲಸ. ಫ್ರೆಂಡ್ಸ್ ಮಧ್ಯೆ ಇದೆಲ್ಲ ಯಾಕೆ ಅನ್ಸುತ್ತೆ. ಫ್ರೆಂಡ್ಸ್ ಅನ್ನೋದಕ್ಕೇ ಬೇಕು.

ಅವನು ಪೂರ್ತಿ ಕ್ಷಮಿಸಿದಾನಾ? ಕೇಳಿಲ್ಲ. ಹೋದ ವಾರ ಒಂದು ಫೋಟೋ ಕಳಿಸಿದ. ಅವ್ವ ಕನ್ನಡಕ ಹಾಕ್ಕೊಂಡು, ಫೋನನ್ನ ಕಣ್ಣಿಗೆ ಹತ್ತಿರ ಹಿಡಿದು ಓದ್ತಾ ಇದಾರೆ. ಅದರ ಕೆಳಗೆ ಹೊಸದಾಗಿ ಎಂಟು ಸಾಲು.

ಈ ಸಲ ಟ್ಯೂನ್ ಹಾಕೋಕೆ ಮುಂಚೆ ಅವನ ಹೆಸರು ಬರೆದಿಟ್ಕೊಂಡಿದೀನಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.