ಚೀಟಿ ಓದಿ ಹಣ ಕೊಡಿ
(ರೈತರ ಸಭೆಯಲ್ಲಿ ಮಾಡಿದ ಭಾಷಣದ ಸಾರ)



ಬಿತ್ತನೆ ಬೀಜ ಕೊಳ್ಳುವಾಗ ನಾವು ಚೀಲಕ್ಕೆ ಹೊಲಿದ ಚೀಟಿಯನ್ನು ತಿರುಗಿಸಿ ನೋಡುತ್ತೇವೆ. ಪ್ರಮಾಣಿತ ಬೀಜದ ನೀಲಿ ಚೀಟಿ ಇಲ್ಲದಿದ್ದರೆ ಅಂಗಡಿಯವನನ್ನು ಪ್ರಶ್ನಿಸುತ್ತೇವೆ. ಆದರೆ ಸಂತೆಯಲ್ಲಿ ಮೊಬೈಲ್ ಫೋನನ್ನೋ ಚಾರ್ಜರನ್ನೋ ಕೊಳ್ಳುವಾಗ ಬಣ್ಣ ಮತ್ತು ಬೆಲೆ ಎರಡನ್ನೇ ನೋಡುತ್ತೇವೆ. ಅಗ್ಗದ ಆಸೆಗೆ ಮುಗ್ಗಿದ ಜೋಳ ಕೊಂಡ ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ.

ಹಿರಿಯರಿಗೆ ನೆನಪಿರಬಹುದು, ಹಿಂದೆ ಮನೆಯಲ್ಲಿ ರೇಡಿಯೋ ಇಡಬೇಕಾದರೆ ಅಂಚೆ ಕಚೇರಿಯಲ್ಲಿ ಲೈಸೆನ್ಸು ಪಡೆಯಬೇಕಾಗಿತ್ತು. 1980ರ ದಶಕದಲ್ಲಿ ಅದು ರದ್ದಾಯಿತು. ಈಗ ಫೋನು ಕೊಳ್ಳುವವರಿಗೆ ಅಂಥ ಪುಸ್ತಕ ಬೇಡ. ಆದರೆ ತಯಾರಕರು ತಮ್ಮ ಸಾಮಾನಿನ ಮೇಲೆ ಕೆಲವು ಗುರುತುಗಳನ್ನು ಹಾಕಲೇಬೇಕು. ಅವನ್ನು ಓದುವ ಕೆಲಸ ನಮ್ಮದು.

ಮೊದಲನೆಯದು ಐ.ಎಂ.ಇ.ಐ. ಸಂಖ್ಯೆ. ಇದು ಪ್ರತಿ ಫೋನಿಗೂ ಬೇರೆ ಬೇರೆಯಾದ 15 ಅಂಕಿಗಳ ಸಂಖ್ಯೆ. ದನಕ್ಕೆ ಕಿವಿಯೋಲೆ ಹಾಕಿದಂತೆ. ಎರಡು ಸಿಮ್ ಹಾಕುವ ಫೋನಿಗೆ ಎರಡು ಸಂಖ್ಯೆ ಇರುತ್ತವೆ. ಪಂಪ್‌ಸೆಟ್ಟಿಗೆ ಜೋಡಿಸುವ, ಸಿಮ್ ಹಾಕುವ ಸ್ಟಾರ್ಟರಿನ ಒಳಗೂ ಇಂಥ ಸಂಖ್ಯೆ ಇರುತ್ತದೆ. 2009ರ ನವೆಂಬರ್ 30ರ ನಡುರಾತ್ರಿಯಿಂದ, ಸರಿಯಾದ ಸಂಖ್ಯೆ ಇಲ್ಲದ ಫೋನುಗಳ ಕರೆಗಳನ್ನು ಸರ್ಕಾರದ ಆಜ್ಞೆಯಂತೆ ನಿಲ್ಲಿಸಲಾಯಿತು. ಅಗ್ಗವೆಂದು ಅಂಥ ಫೋನು ಕೊಂಡವರ ಹಣ ಒಂದೇ ರಾತ್ರಿಯಲ್ಲಿ ನೀರುಪಾಲಾಯಿತು.

ಹಣ ಕೊಡುವ ಮುನ್ನ ಫೋನಿನಲ್ಲಿ *#06# ಒತ್ತಿರಿ. ಪರದೆಯ ಮೇಲೆ ಬರುವ ಸಂಖ್ಯೆಯೂ ಡಬ್ಬಿಯ ಮೇಲಿನ ಸಂಖ್ಯೆಯೂ ಒಂದೇ ಆಗಿರಬೇಕು. ಬಿಲ್ಲಿನ ಮೇಲೂ ಅದನ್ನೇ ಬರೆಸಿಕೊಳ್ಳಿ. ಹಳೆಯ ಫೋನು ಕೊಳ್ಳುವವರಂತೂ ‘ಸಂಚಾರ್ ಸಾಥಿ’ಯಲ್ಲಿ ಸಂಖ್ಯೆಯನ್ನು ಪರೀಕ್ಷಿಸದೆ ಕೊಳ್ಳಕೂಡದು. ಅದು ಕಳವು ಮಾಲಾಗಿದ್ದರೆ ತೊಂದರೆ ನಿಮಗೇ. ನಿಮ್ಮ ಫೋನು ಕಳೆದುಹೋದರೆ, ಪೊಲೀಸ್ ದೂರಿನ ಪ್ರತಿಯೊಡನೆ ಅಲ್ಲಿಯೇ ಈ ಸಂಖ್ಯೆ ಕೊಟ್ಟು ಫೋನನ್ನು ಬಂದ್ ಮಾಡಿಸಬಹುದು. ಆದುದರಿಂದ ಬಿಲ್ಲನ್ನು ಪಹಣಿಯಷ್ಟೇ ಜೋಪಾನವಾಗಿಡಿ.

ಎರಡನೆಯದು ಭಾರತೀಯ ಮಾನಕ ಬ್ಯೂರೋದ ಗುರುತು. 2012ರ ಆಜ್ಞೆಯಿಂದ ಕೆಲವು ವಿದ್ಯುನ್ಮಾನ ಸಾಮಾನುಗಳಿಗೆ ನೋಂದಣಿ ಕಡ್ಡಾಯವಾಯಿತು. 2014ರಲ್ಲಿ ಮೊಬೈಲ್ ಫೋನು, ಪವರ್ ಬ್ಯಾಂಕುಗಳೂ ಆ ಪಟ್ಟಿಗೆ ಸೇರಿದವು. ‘ಐ.ಎಸ್.’ ಎಂದು ಮಾನಕದ ಸಂಖ್ಯೆ, ‘ಆರ್’ ಅಕ್ಷರದ ಮುಂದೆ ಎಂಟು ಅಂಕಿ ಇರುತ್ತವೆ. ಕೆಲವು ಫೋನುಗಳಲ್ಲಿ ಇದು ಸೆಟ್ಟಿಂಗಿನ ಒಳಗೆ ಕಾಣುತ್ತದೆ. ಕಳ್ಳರು ಚೀಟಿಯನ್ನೂ ಅಚ್ಚುಹಾಕಬಲ್ಲರು, ಆದುದರಿಂದ ‘ಬಿ.ಐ.ಎಸ್. ಕೇರ್’ ಎಂಬ ಆ್ಯಪಿನಲ್ಲಿ ಆ ಅಂಕಿಗಳನ್ನು ಹಾಕಿ ತಯಾರಕರ ಹೆಸರು ತಾಳೆಯಾಗುವುದೋ ನೋಡಿ. ಓದುವ ಮಕ್ಕಳು ಇದನ್ನು ನಿಮಿಷದಲ್ಲಿ ಮಾಡಿಕೊಡುವರು. ಒಂದು ಮಾತು ತಿಳಿದಿರಲಿ: ಈ ಗುರುತು ಸುರಕ್ಷತೆಯ ಪರೀಕ್ಷೆಗೆ ಸಂಬಂಧಿಸಿದ್ದು, ಸಿಗ್ನಲ್ ಚೆನ್ನಾಗಿ ಸಿಗುವುದೆಂಬ ಭರವಸೆ ಅಲ್ಲ. ಮಕ್ಕಳು ಮಲಗುವ ಕೋಣೆಯಲ್ಲಿ ರಾತ್ರಿಯಿಡೀ ಚಾರ್ಜರು ಹಾಕಿಡುವ ಮನೆಗಳಲ್ಲಿ ಸುರಕ್ಷತೆ ಸಣ್ಣ ಮಾತಲ್ಲ.

ಮೂರನೆಯದು ಡಬ್ಬಿಯ ಮೇಲಿನ ವಿವರ: ತಯಾರಕರ ಅಥವಾ ಆಮದು ಮಾಡಿದವರ ಹೆಸರು ವಿಳಾಸ, ಗರಿಷ್ಠ ಮಾರಾಟ ಬೆಲೆ, ತಿಂಗಳು ಮತ್ತು ವರ್ಷ, ದೂರು ಹೇಳಿಕೊಳ್ಳಲು ದೂರವಾಣಿ. ವಿಳಾಸವೇ ಇಲ್ಲದ ಸಾಮಾನು ಕೆಟ್ಟರೆ ಯಾರನ್ನು ಕೇಳುವಿರಿ?

ಕೊನೆಯದಾಗಿ ಒಂದು ಎಚ್ಚರಿಕೆ. ಊರಿನಲ್ಲಿ ಸಿಗ್ನಲ್ ಇಲ್ಲವೆಂದು ಕೆಲವರು ಸಿಗ್ನಲ್ ಬೂಸ್ಟರ್ ಕೊಂಡು ಮನೆಯ ಮೇಲೆ ಕಟ್ಟುತ್ತಾರೆ. ಅನುಮತಿಯಿಲ್ಲದೆ ಖಾಸಗಿಯವರು ಅದನ್ನು ಇಡುವುದು ಕಾನೂನಿಗೆ ವಿರುದ್ಧ. ಅದರ ಮೇಲೆ ಎಂಥ ಚೀಟಿ ಅಂಟಿಸಿದ್ದರೂ ಅಷ್ಟೇ. ಒಬ್ಬನು ಕಾಲುವೆಯನ್ನು ತನ್ನ ಗದ್ದೆಗೆ ತಿರುಗಿಸಿಕೊಂಡರೆ ಕೆಳಗಿನವರಿಗೆ ನೀರಿಲ್ಲ; ಹಾಗೆಯೇ ಒಂದು ಮನೆಯ ಬೂಸ್ಟರಿನಿಂದ ನೆರೆಹೊರೆಯ ಫೋನುಗಳು ಕೆಡಬಹುದು. ಸಿಗ್ನಲ್ ಬೇಕಾದರೆ ಗ್ರಾಮಸ್ಥರೆಲ್ಲ ಸೇರಿ ಫೋನ್ ಕಂಪನಿಗೆ ಅರ್ಜಿ ಬರೆಯೋಣ.

ಇಂದು ಮನೆಗೆ ಹೋದೊಡನೆ ನಿಮ್ಮ ಫೋನಿನ ಸಂಖ್ಯೆಯನ್ನು ನೋಡಿ, ಒಂದು ಕಾಗದದಲ್ಲಿ ಬರೆದಿಡಿ. ಅಷ್ಟಾದರೆ ನಾನು ಇಲ್ಲಿ ಆಡಿದ ಮಾತು ಸಾರ್ಥಕ.