ಪ್ಲೇಟಿನ ಹಾಡಿಗೆ ಶ್ರುತಿ ಕೂಡಿಸಿದ ಕಥೆ
(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ನಾನು ಸಂಗೀತ ವಿದ್ವಾಂಸನಲ್ಲ; ಬ್ಯಾಂಕಿನ ಗುಮಾಸ್ತ. ಕಲಿತದ್ದು ಬಿ.ಕಾಂ. ಆದರೂ ಈ ಹೊತ್ತು ಶ್ರುತಿಯ ವಿಷಯವಾಗಿ ನಾಲ್ಕು ಮಾತಾಡಲು ನಿಂತಿದ್ದೇನೆ. ಏಕೆಂದರೆ ತೀರಿಸಬೇಕಾದ ಒಂದು ಬಾಕಿ ಇದೆ.

ಕಳೆದ ವರ್ಷದ ರಾಜ್ಯೋತ್ಸವದ ಮಕ್ಕಳ ನೃತ್ಯ ನಿಮಗೆ ನೆನಪಿರಬಹುದು. ನಮ್ಮ ತಂದೆಯವರು ಧಾರವಾಡದಿಂದ ತಂದಿದ್ದ ವಚನಗಳ ಎಲ್.ಪಿ. ಪ್ಲೇಟಿನಿಂದ 20 ಸೆಕೆಂಡಿನ ಒಂದು ತುಣುಕನ್ನು ನಾನು ಕಂಪ್ಯೂಟರಿಗೆ ಇಳಿಸಿ ಕೊಟ್ಟಿದ್ದೆ. ಅದನ್ನು ಮೂರು ಸಲ ನುಡಿಸಿ, ನಡುವೆ ಪೇಟಿ ಮಾಸ್ತರರು ಪೇಟಿ ಹಿಡಿಯಬೇಕು ಎಂದು ಏರ್ಪಾಡು. ಅದೇ ಹಾಡಿನ ಪ್ಲೇಟು ಅವರ ಮನೆಯಲ್ಲೂ ಇದೆ. ಪಟ್ಟಿಯನ್ನೂ ಲಯವನ್ನೂ ಅದರಿಂದಲೇ ಗೊತ್ತುಮಾಡಿ ಮಕ್ಕಳಿಗೆ ಕಲಿಸಿದ್ದರು. ವೇದಿಕೆಯ ಮೇಲೆ ಹಾಡು ಒಂದು ಕಡೆ, ಪೇಟಿ ಇನ್ನೊಂದು ಕಡೆ, ಮಕ್ಕಳ ಹೆಜ್ಜೆ ಮತ್ತೊಂದು ಕಡೆ! ‘ಮಾಸ್ತರರಿಗೆ ವಯಸ್ಸಾಯಿತು, ಕಿವಿ ಮಂದವಾಯಿತು’ ಎಂದು ನಾವೆಲ್ಲ ಆಡಿಕೊಂಡೆವು. ನಾನೂ ಆಡಿದೆ. ಮಾರನೆಯ ವಾರದಿಂದ ಅವರು ಸಂಘಕ್ಕೆ ಬರುವುದನ್ನೇ ನಿಲ್ಲಿಸಿದರು.

ತಿಂಗಳ ಮೇಲೆ, ಏನೋ ಸಂಶಯ ಬಂದು ಪ್ಲೇಟಿನ ಲೇಬಲಿನ ಅಂಚಿಗೆ ಒಂದು ಕಾಗದದ ಚೂರು ಅಂಟಿಸಿ ಸುತ್ತುಗಳನ್ನು ಎಣಿಸಿದೆ. ಎಲ್.ಪಿ. ನಿಮಿಷಕ್ಕೆ ಮೂವತ್ತಮೂರೂ ಮೂರನೆಯ ಒಂದು ಸುತ್ತು ತಿರುಗಬೇಕು. ಅಂದರೆ 100 ಸುತ್ತಿಗೆ ಸರಿಯಾಗಿ 180 ಸೆಕೆಂಡು. ಚೋರ್ ಬಜಾರಿನಲ್ಲಿ ಅಗ್ಗಕ್ಕೆ ಕೊಂಡ ನನ್ನ ಯಂತ್ರ, ಪಟ್ಟಿ ಸಡಿಲಾಗಿ, 184 ಸೆಕೆಂಡು ತೆಗೆದುಕೊಂಡಿತು. ನೂರಕ್ಕೆ ಎರಡೂ ಚಿಲ್ಲರೆ ಮಂದಗತಿ. ಇದೇನು ಮಹಾ ಎನ್ನಬೇಡಿ. ಸಮಪಾಲಿನ ಸ್ವರಮೇಳದಲ್ಲಿ ಒಂದು ಸ್ವರದ ಮನೆಯಿಂದ ಪಕ್ಕದ ಮನೆಗೆ ಕಂಪನ ಸಂಖ್ಯೆ ಸುಮಾರು ನೂರಕ್ಕೆ 5.95ರಂತೆ ಏರುತ್ತದೆ. ಹನ್ನೆರಡು ಮನೆ ಏರಿದರೆ ಮೊತ್ತ ಇಮ್ಮಡಿ, ಅದೇ ಮೇಲಿನ ಷಡ್ಜ. ಶೇಕಡಾ ಆರರ ಚಕ್ರಬಡ್ಡಿಯಲ್ಲಿ ಹಣ ಹನ್ನೆರಡು ವರ್ಷಕ್ಕೆ ದ್ವಿಗುಣವಾಗುತ್ತದೆಂದು ನಾವು ಬ್ಯಾಂಕಿನವರು ಹೇಳುವುದಿಲ್ಲವೆ, ಹಾಗೆಯೇ! ಆ ಲೆಕ್ಕದಲ್ಲಿ ನನ್ನ ತುಣುಕು ಅರ್ಧಸ್ವರದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ತಗ್ಗಿತ್ತು. 20 ಸೆಕೆಂಡಿನ ಹಾಡು 20.44 ಆಗಿತ್ತು, ಮೂರು ಸಲಕ್ಕೆ ಒಂದೂಕಾಲು ಸೆಕೆಂಡು ಮೀರಿದ ತಡ. ಮಕ್ಕಳ ಕಾಲು ಏನು ಮಾಡೀತು?

ಇದಕ್ಕೆ ಮದ್ದು ಸುಲಭ. ಕಂಪ್ಯೂಟರಿನಲ್ಲಿ ಒಟ್ಟು ವೇಗವನ್ನು ನೂರಕ್ಕೆ 2.22 ಏರಿಸಿದರೆ ಶ್ರುತಿ, ಕಾಲ ಎರಡೂ ಒಟ್ಟಿಗೆ ಸರಿಹೋಗುತ್ತವೆ. ಶ್ರುತಿಯನ್ನು ಬೇರೆ, ಕಾಲವನ್ನು ಬೇರೆ ತಿದ್ದುವ ಸಾಧನಗಳೂ ಉಂಟು; ಅವನ್ನು ಮೊದಲೇ ಬಳಸಿದರೆ ತಬಲೆಯ ಪೆಟ್ಟು ಒಡೆದು ಕೇಳಿಸುತ್ತದೆ.

ಆದರೆ ಇಷ್ಟಕ್ಕೇ ಮುಗಿಯಲಿಲ್ಲ. ತಂಬೂರಿಯ ಷಡ್ಜ ಜೋಕಾಲಿಯಂತೆ ಏರಿ ಇಳಿಯುತ್ತಿತ್ತು, 1.8 ಸೆಕೆಂಡಿಗೊಮ್ಮೆ. ಅದು ಪ್ಲೇಟು ಒಂದು ಸುತ್ತು ತಿರುಗುವ ಕಾಲ. ಅಂದರೆ ನಮ್ಮ ಪ್ಲೇಟಿನ ನಡುವಿನ ತೂತು ನಡುವಿನಲ್ಲಿಲ್ಲ! ಮುಳ್ಳು ನಡುವಿನಿಂದ 100 ಮಿಲಿಮೀಟರು ದೂರದಲ್ಲಿದ್ದಾಗ ತೂತು ಒಂದೇ ಮಿಲಿಮೀಟರು ಸರಿದಿದ್ದರೂ ಸ್ವರ ನೂರಕ್ಕೆ ಒಂದರಷ್ಟು ಅತ್ತಿತ್ತ ತೂಗುತ್ತದೆ; ಮುಳ್ಳು ಒಳಗೆ ಸರಿದಷ್ಟೂ ತೂಗಾಟ ಹೆಚ್ಚು. ಕೆಲವರು ತೂತನ್ನು ಅರದಿಂದ ಹಿರಿದು ಮಾಡಿ ಪ್ಲೇಟನ್ನು ಸರಿಸಿ ಕೂರಿಸುತ್ತಾರಂತೆ. ತಂದೆಯವರ ಪ್ಲೇಟಿಗೆ ಅರ ಹಿಡಿಯಲು ನನಗೆ ಕೈ ಬರಲಿಲ್ಲ. ತಂಬೂರಿಯನ್ನೇ ಅಳತೆಗೋಲಾಗಿ ಇಟ್ಟುಕೊಂಡೆ. ಅದು ಜಾರದ ಸ್ವರ. ಅದರಲ್ಲಿ ಕಂಡ ಅಲೆ ಯಂತ್ರದ್ದೇ. ಆ ಅಲೆಗೆ ಎದುರಾಗಿ ವೇಗದ ಗೆರೆ ಎಳೆದು, ಎಂಟು ರಾತ್ರಿ ಕೂತು ಸಮ ಮಾಡಿದೆ.

ಇಲ್ಲಿ ಒಂದು ಎಚ್ಚರಿಕೆ. ಪ್ರತಿ ಸ್ವರವನ್ನೂ ಪಿಯಾನೋದ ಮನೆಗೆ ಎಳೆದು ಕೂರಿಸುವ ಸಾಧನಗಳಿವೆ. ನಮ್ಮ ಸಂಗೀತಕ್ಕೆ ಅವು ಕೂಡದು. ಮೀಂಡು, ಗಮಕ ಎಲ್ಲ ಸತ್ತುಹೋಗುತ್ತವೆ. ಲಯಕ್ಕೂ ಅದೇ ಮಾತು. ಶ್ರುತಿ, ಕಾಲ ಎರಡೂ ಜತೆಯಾಗಿ ಜಾರಿದ್ದರೆ ತಪ್ಪು ಯಂತ್ರದ್ದು. ತಂಬೂರಿ ನಿಂತಲ್ಲೇ ನಿಂತು ಲಯ ಮಾತ್ರ ಏರಿದರೆ ಅದು ಹಾಡುವವರ ಇಚ್ಛೆ. ಅದನ್ನು ತಿದ್ದಲು ನಾವು ಯಾರು?

ಬರಿಯ ಕಿವಿಯನ್ನೂ ನಂಬುವ ಹಾಗಿಲ್ಲ. ಗಂಗೂಬಾಯಿ ಹಾನಗಲ್ಲರ ದಪ್ಪ ಕಂಠವನ್ನೇ ಬಲ್ಲವರು, 1930ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದ ಅವರ ಪ್ಲೇಟುಗಳನ್ನು ಕೇಳಿದರೆ ಯಂತ್ರ ಓಡುತ್ತಿದೆಯೆಂದೇ ತಿಳಿದಾರು. ಆದರೆ ಆಗ ಅವರ ದನಿಯೇ ಏರುದನಿ. ಅದು ದಪ್ಪವಾದದ್ದು ಗಂಟಲಿನ ಚಿಕಿತ್ಸೆಯ ಅನಂತರ.

ತಿದ್ದಿದ ತುಣುಕನ್ನು ಹಿಡಿದುಕೊಂಡು ಮಾಸ್ತರರ ಮನೆಗೆ ಹೋದೆ. ‘ತಪ್ಪು ನನ್ನದರಿ’ ಎಂದೆ. ಅವರು ಏನೂ ಅನ್ನದೆ ಪೇಟಿ ಎಳೆದುಕೊಂಡು ಷಡ್ಜ ಹಿಡಿದರು. ಹಾಡು ಮುಗಿಯುವ ತನಕ ಬಿಡಲಿಲ್ಲ. ಆಮೇಲೆ, ‘ಹೋದ ವರ್ಷನೂ ನನಗ ಗೊತ್ತಿತ್ತಪಾ ತಮ್ಮಾ, ಯಾರೂ ಕೇಳಲಿಲ್ಲ’ ಅಂದರು.

ಅವರು ಈಗ ಪರದೆಯ ಹಿಂದೆ ಪೇಟಿಯೊಡನೆ ಕೂತಿದ್ದಾರೆ. ಮಕ್ಕಳೂ ಗೆಜ್ಜೆ ಕಟ್ಟಿ ಕಾಯುತ್ತಿದ್ದಾರೆ. ನಾನು ಮೈಕು ಬಿಟ್ಟುಕೊಡುತ್ತೇನೆ.